ಪಾವತಿ ಇಲ್ಲದ ತೆರಿಗೆದಾರ

(ಬಾನುಲಿ ಭಾಷಣ)

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ನಾವೆಲ್ಲ ಆಡುತ್ತೇವೆ. ಕೇಳಿಯೂ ಕರಗದವನ ಮುಂದೆ ಕಷ್ಟ ತೋಡಿಕೊಳ್ಳುವವನ ಅಸಹಾಯಕತೆಯನ್ನು ಅದು ಹೇಳುತ್ತದೆ. ಆದರೆ ಗಾದೆಯನ್ನು ತುಸು ನಿಧಾನಿಸಿ ನೋಡಿದರೆ ಅದರೊಳಗೆ ಇನ್ನೊಂದು ಸಂಗತಿಯೂ ಉಂಟು. ಅಲ್ಲಿ ಸುಂಕದವನು ಎದುರಿಗೇ ಇದ್ದಾನೆ. ಹೇರು ಹೊತ್ತ ಎತ್ತು ಕಟ್ಟೆಯ ಮುಂದೆ ನಿಂತಿದೆ. ತೆರುವವನಿಗೆ ತಾನು ತೆರುತ್ತಿದ್ದೇನೆಂಬುದು ಗೊತ್ತು. ಪಡೆಯುವವನಿಗೂ ಯಾರಿಂದ ಪಡೆಯುತ್ತಿದ್ದೇನೆಂಬುದು ಗೊತ್ತು. ಕರಗಲಿ, ಕರಗದಿರಲಿ, ಹೇಳಿಕೊಳ್ಳುವುದಕ್ಕೆ ಒಂದು ಮುಖವಾದರೂ ಇತ್ತು.

ಕನ್ನಡ ಪಾಠ ಹೇಳಿಕೊಂಡು ಆಯುಷ್ಯ ಕಳೆದವನೊಬ್ಬ ತೆರಿಗೆಯ ವಿಷಯಕ್ಕೆ ಬಂದದ್ದೇಕೆ ಎಂದು ಕೇಳುಗರಿಗೆ ಅನಿಸಬಹುದು. ಅರ್ಥಶಾಸ್ತ್ರಜ್ಞರ ಕೆಲಸಕ್ಕೆ ನಾನು ಕೈ ಹಾಕುತ್ತಿಲ್ಲ. ತೆರಿಗೆ ಎಂಬುದು ಒಂದು ನಾಡು ತನ್ನ ಜನರನ್ನು ಹೇಗೆ ಗುರುತಿಸುತ್ತದೆ ಎಂಬುದರ ಕಥೆಯೂ ಹೌದು. ಆ ಕಥೆಯನ್ನು ಓದಲು ಕಲ್ಪನೆಯ ದೇಶವೊಂದನ್ನು ಕಟ್ಟಬೇಕಾಗಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ನಮ್ಮ ಗಡಿನಾಡಿನ ಐದು ತಾಲ್ಲೂಕುಗಳೇ ಸಾಕು.

ಮೊದಲು ಮಾತುಗಳನ್ನು ನೋಡೋಣ. ‘ತೆರಿಗೆ’ ಅಚ್ಚಗನ್ನಡದ ಮಾತು. ತೆರು, ಅಂದರೆ ಕೊಡು, ಸಲ್ಲಿಸು ಎಂಬ ಧಾತುವಿನಿಂದ ಬಂದದ್ದು. ‘ಸುಂಕ’ ಸಂಸ್ಕೃತದ ಶುಲ್ಕ ಶಬ್ದದ ತದ್ಭವ. ‘ಜಕಾತಿ’ ಅರಬ್ಬಿಯ ಜಕಾತ್ ಎಂಬ ಧಾರ್ಮಿಕ ದಾನದ ಹೆಸರು; ಪಾರಸಿ, ಮರಾಠಿಗಳ ಹಾದಿ ಹಿಡಿದು ಬಂದು ನಮ್ಮ ಊರ ಬಾಗಿಲಿನ ನಾಕೆಯಲ್ಲಿ ಕುಳಿತಿತು. ‘ಕಂದಾಯ’ವೆಂದರೆ ಮೊದಲಿಗೆ ನಾಲ್ಕು ತಿಂಗಳ ಅವಧಿ. ಪಂಚಾಂಗದಲ್ಲಿ ಇಂದಿಗೂ ‘ಕಂದಾಯ ಫಲ’ವೆಂದು ವರ್ಷವನ್ನು ಮೂರು ಪಾಲು ಮಾಡಿ ಹೇಳುತ್ತಾರಲ್ಲ, ಅದೇ ಅರ್ಥ. ಕಂತಿನ ಹೆಸರೇ ಕೊನೆಗೆ ಕೊಡುವ ಹಣದ ಹೆಸರಾಯಿತು. ನಮ್ಮ ಭಾಗದ ಒಕ್ಕಲಿಗನಾದರೋ ಕಂದಾಯವೆನ್ನುವುದಿಲ್ಲ. ‘ಫಾಳಾ’ ತುಂಬಿದೆ ಎನ್ನುತ್ತಾನೆ. ಮನೆಯದು ಘರಪಟ್ಟಿ, ನೀರಿನದು ಪಾಣಿಪಟ್ಟಿ. ಹಣ ಸಂದದ್ದಕ್ಕೆ ಸಿಗುವ ಚೀಟಿಗೆ ಇಲ್ಲಿ ‘ಪಾವತಿ’ ಎಂದು ಹೆಸರು. ಮೈಸೂರು ಸೀಮೆಯವರಿಗೆ ಪಾವತಿಯೆಂದರೆ ಹಣ ಸಲ್ಲಿಸುವ ಕ್ರಿಯೆ. ನಮಗೆ ಅದು ಕೈಯಲ್ಲಿ ಹಿಡಿಯುವ ಕಾಗದ. ಈ ಕಾಗದವನ್ನು ನೆನಪಿನಲ್ಲಿಡಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದಿನ ಮಾತೆಲ್ಲ ಅದನ್ನು ಕುರಿತದ್ದೇ.

ಈ ಪ್ರದೇಶವನ್ನು ಆಳಿದ ರಟ್ಟರ ಕಾಲದಲ್ಲಿ ಕಾಗದವಿರಲಿಲ್ಲ, ಕಲ್ಲಿತ್ತು. ನಾಲ್ಕನೆಯ ಕಾರ್ತವೀರ್ಯನ ಆಳಿಕೆಯ ಬೆಳಗಾವಿಯ ಶಾಸನ 1204ರದು. ಬೀಚಣನೆಂಬ ಅಧಿಕಾರಿ ಕಟ್ಟಿಸಿದ ರಟ್ಟಜಿನಾಲಯಕ್ಕೆ ವರ್ತಕ ಸಮೂಹಗಳು ತಮ್ಮ ತಮ್ಮ ಸರಕಿನ ಮೇಲೆ ಇಂತಿಷ್ಟು ಸಲ್ಲಬೇಕೆಂದು ಒಪ್ಪಿ ಬಿಟ್ಟುಕೊಟ್ಟದ್ದನ್ನು ಅದು ಹೇಳುತ್ತದೆ. ಆ ಕಾಲದ ಕನ್ನಡ ಶಾಸನಗಳಲ್ಲಿ ಸಿದ್ಧಾಯ, ಪೆರ್ಜುಂಕ, ಕಿರುಕುಳ ಮೊದಲಾದ ತೆರಿಗೆಯ ಹೆಸರುಗಳೂ ‘ಸುಂಕವೆರ್ಗಡೆ’ ಎಂಬ ಅಧಿಕಾರಿಯ ಹೆಸರೂ ಮತ್ತೆ ಮತ್ತೆ ಬರುತ್ತವೆ. ಆ ವ್ಯವಸ್ಥೆ ನ್ಯಾಯವಾದದ್ದೇ ಆಗಿತ್ತೆಂದು ನಾನು ಹೇಳಲಾರೆ. ಆದರೆ ಯಾವ ಸರಕಿನಿಂದ ಎಷ್ಟು, ಯಾವ ಕೆಲಸಕ್ಕೆ ಎಂಬುದು ಊರ ನಡುವೆ ಕಲ್ಲಿನ ಮೇಲೆ ನಿಂತಿತ್ತು. ಓದಬಲ್ಲವನು ಓದಿ, ಓದು ಬಾರದವನಿಗೆ ಹೇಳಬಹುದಾಗಿತ್ತು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬುವನೊಬ್ಬನಿದ್ದ. ಸುಂಕ ವಸೂಲಿಯೇ ಅವನ ಕಾಯಕ, ‘ಬಂಕೇಶ್ವರಲಿಂಗ’ ಅವನ ಅಂಕಿತ. ತನ್ನ ವೃತ್ತಿಯ ಪರಿಭಾಷೆಯಲ್ಲಿಯೇ ಆತ ಅಧ್ಯಾತ್ಮದ ಮಾತನ್ನು ಆಡಿದ. ಗಾದೆಯ ಸುಂಕದವನ ಪಕ್ಕದಲ್ಲಿ ಈ ಸುಂಕದವನನ್ನೂ ನಿಲ್ಲಿಸಿ ನೋಡುವುದು ಒಳ್ಳೆಯದು. ಜನರಿಂದ ಪಡೆಯುವ ಕೆಲಸವನ್ನೂ ಶುದ್ಧವಾಗಿ ಮಾಡಬಹುದೆಂಬ ನಂಬಿಕೆ ನಮ್ಮ ಪರಂಪರೆಯಲ್ಲಿ ಇಲ್ಲದೆ ಇರಲಿಲ್ಲ.

ಕಲ್ಲಿನಿಂದ ಕಾಗದಕ್ಕೆ ಬರೋಣ. ಇಂಗ್ಲಿಷರ ಮುಂಬಯಿ ಇಲಾಖೆಯಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆಯ ಕಡೆಯ ಇಂದಾಪುರದಲ್ಲಿ ಹೊಸ ಭೂಮಾಪನವನ್ನು ಆರಂಭಿಸಿದರು. 1847ರಲ್ಲಿ ಅದರ ನಿಯಮಗಳು ಒಂದು ವರದಿಯಾಗಿ ನೆಲೆಗೊಂಡವು. ಅದೇ ಪದ್ಧತಿ ನಮ್ಮ ಭಾಗಕ್ಕೂ ಬಂದಿತು. ಹೊಲವನ್ನು ಅಳೆದು ಅದಕ್ಕೊಂದು ಸರ್ವೇ ನಂಬರು ಕೊಡುವುದು. ಮಣ್ಣಿನ ಬಣ್ಣ, ಆಳ, ದೋಷಗಳನ್ನು ನೋಡಿ ಅದರ ಯೋಗ್ಯತೆಯನ್ನು ಆಣೆಗಳಲ್ಲಿ ಗೊತ್ತುಮಾಡುವುದು. ಹವೆ, ಪೇಟೆಯ ದೂರ ಇವನ್ನು ಗಣಿಸಿ ಆಕಾರವನ್ನು ನಿಗದಿಮಾಡಿ ಮೂವತ್ತು ವರ್ಷ ಬದಲಿಸದೆ ಇಡುವುದು. ರಾಯಬಾಗ ಮಾತ್ರ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದು, 1949ರಲ್ಲಿ ಸಂಸ್ಥಾನ ವಿಲೀನವಾದ ಬಳಿಕ ಬೆಳಗಾವಿ ಜಿಲ್ಲೆಗೆ ಬಂತು. 1956ರ ನವೆಂಬರ್ 1ರಂದು ಚಂದಗಡ ತಾಲ್ಲೂಕನ್ನು ಬಿಟ್ಟು ಜಿಲ್ಲೆಯೆಲ್ಲ ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಆಳುವವರು ಬದಲಾದರು, ಸರ್ವೇ ನಂಬರು ಉಳಿಯಿತು.

ಮಳೆ ಹೋದರೂ ಫಾಳಾ ತಪ್ಪದೆಂಬ ಸಂಕಟ ರೈತನದಾಗಿತ್ತು. ಹಾಗಿದ್ದೂ ಈ ತೆರಿಗೆಗೆ ಒಂದು ಗುಣವಿತ್ತು. ಹಣ ಕೊಟ್ಟವನ ಕೈಗೆ ಪಾವತಿ ಬರುತ್ತಿತ್ತು. ಅದರಲ್ಲಿ ಅವನ ಹೆಸರು, ಅವನ ಹೊಲದ ನಂಬರು, ಅವನು ಕೊಟ್ಟ ಮೊತ್ತ. ಇಂದು ಸರಕಾರದ ಆದಾಯದಲ್ಲಿ ಭೂಕಂದಾಯದ ಪಾಲು ತೀರ ಅಲ್ಪ. ಆದರೂ ನಮ್ಮ ಹಳ್ಳಿಗಳಲ್ಲಿ ಅಜ್ಜನ ಕಾಲದ ಪಾವತಿಗಳನ್ನು ಟ್ರಂಕಿನ ತಳದಲ್ಲಿ, ಉತಾರದ ಜೊತೆಗೆ ಮಡಿಚಿ ಇಟ್ಟಿರುತ್ತಾರೆ. ಏಕೆಂದರೆ ಅದು ಬರಿಯ ಹಣದ ಲೆಕ್ಕವಲ್ಲ. ‘ಈ ಮಣ್ಣಿನಲ್ಲಿ ನಾನಿದ್ದೇನೆ, ನನ್ನಿಂದ ನೀನು ಪಡೆದಿದ್ದೀಯೆ’ ಎಂದು ಸರಕಾರಕ್ಕೆ ಹೇಳುವ ಅಧಿಕಾರ ಅದರಲ್ಲಿ ಅಡಗಿದೆ.

ಇನ್ನು ನಿಪ್ಪಾಣಿಯ ತಂಬಾಕಿನ ಮಾತು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಭಾರತ ಸರಕಾರ ತಂಬಾಕಿನ ಮೇಲೆ ಅಬಕಾರಿ ಸುಂಕವನ್ನು ವಿಧಿಸಿತು. ಸುಂಕ ಬಿದ್ದದ್ದು ಸಿಗರೇಟಿನಂಥ ತಯಾರಾದ ಸರಕಿನ ಮೇಲೆ ಮಾತ್ರವಲ್ಲ, ಎಲೆಯ ಮೇಲೆಯೇ. ಎಷ್ಟು ನೆಲದಲ್ಲಿ ಬೆಳೆದೆ, ಎಷ್ಟು ಒಣಗಿಸಿದೆ ಎಂಬುದನ್ನು ಬೆಳೆದವನು ಲೆಕ್ಕ ಒಪ್ಪಿಸಬೇಕು. ಎಲೆ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಬೇಕಾದರೆ ಪರವಾನಗಿ ಬೇಕು. ಸುಂಕ ಸಲ್ಲದ ಮಾಲು ಅಧಿಕಾರಿಯ ಕಣ್ಗಾವಲಿನ ವಖಾರದಲ್ಲಿರಬೇಕು. ಸುಂಕ ತೆತ್ತ ಮೇಲೆಯೇ ಹೊರಗೆ ಬರಬೇಕು. ಬೀಡಿಗೆ ಆಗುವ ಎಲೆಗೆ ಒಂದು ದರ, ಬೇರೆ ಬಳಕೆಯ ಎಲೆಗೆ ಇನ್ನೊಂದು. ಒಕ್ಕಲಿಗನ ಅಂಗಳಕ್ಕೇ ಸರಕಾರ ಬಂದು ನಿಂತಿತ್ತು.

1979ರ ಮಾರ್ಚಿನಲ್ಲಿ, ಚರಣಸಿಂಗರು ಮಂಡಿಸಿದ ಆಯವ್ಯಯದಲ್ಲಿ, ಎಲೆಯ ಮೇಲಿನ ಈ ಸುಂಕ ರದ್ದಾಯಿತು. ತಯಾರಾದ ಸರಕಿನ ಮೇಲಿನದು ಉಳಿಯಿತು. ಬೆಳೆಗಾರ ಅಬಕಾರಿಯ ಕಾಟದಿಂದ ಪಾರಾದ, ಸಂತೋಷ. ಆದರೆ ಸುಂಕ ತಪ್ಪಿದ ಮಾತ್ರಕ್ಕೆ ಎಲೆಗೆ ತಕ್ಕ ಬೆಲೆ ಬರುತ್ತದೆಯೆ? ಎರಡೇ ವರ್ಷದಲ್ಲಿ, 1981ರ ಮಾರ್ಚಿನಲ್ಲಿ, ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಶರದ ಜೋಶಿಯವರು ಅದರ ಮುಂದಾಳುಗಳಲ್ಲಿ ಮುಖ್ಯರು. ಏಪ್ರಿಲ್ ಮೊದಲ ವಾರದಲ್ಲಿ ಗೋಳಿಬಾರಾಗಿ ರೈತರು ಜೀವ ಕಳೆದುಕೊಂಡರು. ತೆರಿಗೆಯನ್ನು ಯಾರ ಹೆಸರಿನಲ್ಲಿ ಬರೆದಿದ್ದಾರೆ ಎಂಬುದು ಒಂದು ಪ್ರಶ್ನೆ. ಅದರ ಭಾರ ಕೊನೆಗೆ ಯಾರ ಹೆಗಲಿಗೆ ಬರುತ್ತದೆ, ಅದನ್ನು ತೆಗೆದರೆ ಲಾಭ ಯಾರ ಕೈ ಸೇರುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಬೆಲೆ ಕಟ್ಟುವ ಬಲ ಯಾರಿಗಿದೆಯೋ ಅವನು ತನ್ನ ಪಾಲಿನ ತೆರಿಗೆಯನ್ನು ಹಿಂದಕ್ಕೂ ಮುಂದಕ್ಕೂ ದಾಟಿಸಬಲ್ಲ. ಆ ಬಲವಿಲ್ಲದವರು ಎರಡು ತುದಿಯಲ್ಲಿ ಉಳಿಯುತ್ತಾರೆ: ಬೆಳೆಯುವವನು ಒಬ್ಬ, ಕೊಳ್ಳುವವನು ಒಬ್ಬ.

ಅದೇ 1979ರಲ್ಲಿ ಕರ್ನಾಟಕದ ಊರೂರಿನ ಜಕಾತಿ ನಾಕೆಗಳೂ ಎದ್ದವು. ಪುರಸಭೆಯ ಎಲ್ಲೆ ದಾಟಿ ಬರುವ ಸರಕಿಗೆ ಹಣ ಕೊಟ್ಟು ಒಳಗೆ ಬರುವ ಆ ಪದ್ಧತಿ ಏಪ್ರಿಲ್ 1ರಿಂದ ನಿಂತು, ಅದೇ ವರ್ಷ ಅದರ ಜಾಗಕ್ಕೆ ಪ್ರವೇಶ ತೆರಿಗೆ ಎಂಬ ಕಾನೂನು ಬಂತು. ನಮ್ಮ ಗಡಿಯಾಚೆಯ ಮಹಾರಾಷ್ಟ್ರದ ಪಟ್ಟಣಗಳಲ್ಲಿ ಜಕಾತಿ ಇನ್ನೂ ಬಹುಕಾಲ ನಡೆಯಿತು, ಮುಂಬಯಿಯಲ್ಲಂತೂ 2017ರವರೆಗೆ. ಮಾರಾಟ ತೆರಿಗೆ, 2005ರಿಂದ ಮೌಲ್ಯವರ್ಧಿತ ತೆರಿಗೆ, ಅಂತರರಾಜ್ಯ ವ್ಯಾಪಾರಕ್ಕೆ 1956ರ ಕೇಂದ್ರ ಮಾರಾಟ ತೆರಿಗೆ, ಕೇಂದ್ರದ ಅಬಕಾರಿ, ಸೇವಾ ತೆರಿಗೆ ಎಂದು ಹೀಗೆ ಬೆಳೆದಿದ್ದ ಕವಲುಗಳನ್ನು ಬಹುಮಟ್ಟಿಗೆ ಒಂದು ಮಾಡಿ 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ, ಜನರ ಬಾಯಲ್ಲಿ ಜಿ.ಎಸ್.ಟಿ., ಜಾರಿಗೆ ಬಂತು. ಪೆಟ್ರೋಲು, ಡೀಸೆಲು, ಮದ್ಯ ಮೊದಲಾದವು ಹೊರಗೆ ಉಳಿದವು. ಆದ್ದರಿಂದಲೇ ಗಡಿಯ ಈಚೆಗೊಂದು, ಆಚೆಗೊಂದು ದರ.

ಈ ಹೊಸ ತೆರಿಗೆ ನಡೆಯುವ ಬಗೆಯನ್ನು ಅಥಣಿಯ ಚಪ್ಪಲಿಯೊಂದರ ಮೂಲಕ ನೋಡೋಣ. ಕೊಲ್ಹಾಪುರಿ ಎಂದು ಲೋಕಪ್ರಸಿದ್ಧವಾದ ಈ ಪಾದರಕ್ಷೆಯನ್ನು ನಮ್ಮ ಅಥಣಿಯ ಕುಶಲಕರ್ಮಿಗಳೂ ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ. ಲೆಕ್ಕದ ಅನುಕೂಲಕ್ಕೆ ಎಲ್ಲ ಹಂತದಲ್ಲೂ ತೆರಿಗೆ ಶೇ. 5 ಎಂದು ಹಿಡಿಯೋಣ. ನೋಂದಾಯಿತ ತಯಾರಕನೊಬ್ಬ 400 ರೂಪಾಯಿಯ ಚರ್ಮ, ದಾರಗಳನ್ನು ಕೊಂಡು 20 ರೂಪಾಯಿ ತೆರಿಗೆ ಕೊಟ್ಟ. ಚಪ್ಪಲಿಯನ್ನು 800 ರೂಪಾಯಿಗೆ ಮಿರಜಿನ ಅಂಗಡಿಗೆ ಮಾರಿ 40 ರೂಪಾಯಿ ತೆರಿಗೆ ಪಡೆದ. ತಾನು ಮೊದಲೇ ಕೊಟ್ಟ 20ನ್ನು ಕಳೆದು ಉಳಿದ 20ನ್ನು ಸರಕಾರಕ್ಕೆ ಕಟ್ಟಿದ. ಅಂಗಡಿಕಾರ ಅದನ್ನು 1,000 ರೂಪಾಯಿಗೆ ಮಾರಿ 50 ಪಡೆದು, ತಾನು ಕೊಟ್ಟಿದ್ದ 40ನ್ನು ಕಳೆದು 10ನ್ನು ಕಟ್ಟಿದ. ಇಪ್ಪತ್ತು, ಇಪ್ಪತ್ತು, ಹತ್ತು, ಒಟ್ಟು ಐವತ್ತು. ಕಟ್ಟಿದವರು ಮೂವರು, ಹೊತ್ತವನು ಒಬ್ಬನೇ: ಚಪ್ಪಲಿ ಮೆಟ್ಟಿ ನಡೆದ ಗಿರಾಕಿ.

ಆ ಐವತ್ತರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಯಾವ ರಾಜ್ಯಕ್ಕೆ? ಮಾಡಿದ ಅಥಣಿಯ ರಾಜ್ಯಕ್ಕಲ್ಲ, ಕೊಂಡು ಬಳಸಿದ ಮಿರಜಿನ ರಾಜ್ಯಕ್ಕೆ. ಹಿಂದಿನ ಕೇಂದ್ರ ಮಾರಾಟ ತೆರಿಗೆ ಸರಕು ಹೊರಟ ರಾಜ್ಯಕ್ಕೆ ಸಲ್ಲುತ್ತಿತ್ತು. ಈಗಿನದು ಸರಕು ತಲುಪಿದ ರಾಜ್ಯಕ್ಕೆ. ಬಳಸುವವನೇ ತೆರಿಗೆಯ ಭಾರ ಹೊರುವುದರಿಂದ ಅವನಿರುವಲ್ಲಿಗೇ ಹಣ ಹೋಗಲಿ ಎಂಬುದು ಇದರ ತರ್ಕ. ತರ್ಕ ಸರಿಯಾದದ್ದೇ. ಆದರೆ ಇದನ್ನು ಒಪ್ಪಿದ ಮೇಲೆ, ‘ತೆರಿಗೆ ಕಟ್ಟುವವರು ವ್ಯಾಪಾರಸ್ಥರು’ ಎಂಬ ಮಾತನ್ನು ನಾವು ಬಿಡಬೇಕಾಗುತ್ತದೆ.

ಈ ಸರಪಳಿಯಲ್ಲಿ ಒಂದು ಕೊಂಡಿಯನ್ನು ಗಮನಿಸಿ. ವರ್ಷಕ್ಕೆ ನಲವತ್ತು ಲಕ್ಷದೊಳಗಿನ ವಹಿವಾಟಿನ ಸಣ್ಣ ಕಸುಬುದಾರ ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಾಗಿಲ್ಲ. ಮನೆಯಲ್ಲಿ ಕುಳಿತು ಚಪ್ಪಲಿ ಹೊಲಿದು ಸಂತೆಯಲ್ಲಿ ಮಾರುವವನು ಗಿರಾಕಿಯಿಂದ ತೆರಿಗೆ ಪಡೆಯುವುದಿಲ್ಲ. ಆದರೆ ಚರ್ಮಕ್ಕೆ ತಾನು ಕೊಟ್ಟ ಇಪ್ಪತ್ತನ್ನು ಕಳೆದುಕೊಳ್ಳುವ ಹಕ್ಕೂ ಅವನಿಗಿಲ್ಲ. ಆ ಇಪ್ಪತ್ತು ಅವನ ಕೂಲಿಯಲ್ಲಿಯೋ ಸರಕಿನ ಬೆಲೆಯಲ್ಲಿಯೋ ಅಡಗುತ್ತದೆ. ಅವನು ‘ತೆರಿಗೆಯಿಂದ ಹೊರಗಿದ್ದಾನೆ’ ಎಂದು ದಫ್ತರ ಹೇಳುತ್ತದೆ. ರೈತನ ಸಂಗತಿಯೂ ಹಾಗೆಯೇ. ಅವನು ತಂಬಾಕಿನ ಎಲೆಯನ್ನು ನೋಂದಾಯಿತ ವ್ಯಾಪಾರಿಗೆ ಮಾರಿದರೆ ಶೇ. 5ರ ತೆರಿಗೆಯನ್ನು ಕೊಂಡವನೇ ಕಟ್ಟಬೇಕೆಂಬುದು 2017ರ ನಿಯಮ. ಆದರೆ ಕೊಳವೆ, ಪಂಪು, ಸಿಮೆಂಟುಗಳನ್ನು ಕೊಳ್ಳುವಾಗ ಅವನು ತೆರುತ್ತಲೇ ಇರುತ್ತಾನೆ. ಟ್ರ್ಯಾಕ್ಟರು, ಹನಿ ನೀರಾವರಿ ಸಲಕರಣೆಗಳ ದರ ಶೇ. 12ರಿಂದ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು. ಇಳಿದದ್ದು ಸುದ್ದಿಯಾಯಿತು, ಅಲ್ಲಿಯವರೆಗೆ ಅವನು ಹನ್ನೆರಡು ಕೊಟ್ಟಿದ್ದನೆಂಬುದು ಸುದ್ದಿಯಾಗಿರಲಿಲ್ಲ.

ಕೊನೆಯದಾಗಿ ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಗಳ ವಿಚಾರ. ಮೊರದಲ್ಲಿ ಎಲೆ, ಜರದಾ, ದಾರಗಳನ್ನಿಟ್ಟುಕೊಂಡು, ಸಾವಿರದ ಲೆಕ್ಕದಲ್ಲಿ ಕೂಲಿ ಪಡೆಯುವವಳು. ಇವಳಿಗಾಗಿಯೇ 1976ರಲ್ಲಿ ಸಂಸತ್ತು ಎರಡು ಕಾನೂನು ಮಾಡಿತು. ಮೊದಲು ಬೀಡಿಯ ತಂಬಾಕಿನ ಮೇಲೆ, ಮುಂದೆ ತಯಾರಾದ ಬೀಡಿಯ ಮೇಲೆ ಒಂದು ಸಣ್ಣ ಕರ, ಅಂದರೆ ಸೆಸ್ಸು. ಅದರ ಹಣದಿಂದ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ. ದವಾಖಾನೆ, ಮಕ್ಕಳ ವಿದ್ಯಾರ್ಥಿವೇತನ, ಮನೆ ಕಟ್ಟಲು ನೆರವು ಇವು ಆ ನಿಧಿಯ ಕೆಲಸ. ಇವಳು ಕಟ್ಟಿದ ಪ್ರತಿ ಸಾವಿರ ಬೀಡಿಯ ಹಿಂದೆ ಇವಳ ಹೆಸರಿನಲ್ಲಿ ಒಂದಿಷ್ಟು ಹಣ ಎಂಬ ಸಂಬಂಧ ಅಲ್ಲಿ ಕಾಣುತ್ತಿತ್ತು. ರಟ್ಟರ ಶಾಸನದಂತೆ, ಯಾವ ಸರಕಿನಿಂದ ಯಾವ ಕೆಲಸಕ್ಕೆ ಎಂಬುದು ಬರೆದಿತ್ತು. 2017ರಲ್ಲಿ ಎಲ್ಲ ತೆರಿಗೆಗಳನ್ನು ಒಂದು ಮಾಡುವಾಗ ಈ ಕರವೂ ರದ್ದಾಯಿತು. ಯೋಜನೆಗಳು ನಿಂತವೆಂದಲ್ಲ, ಅವಕ್ಕೆ ಹಣ ಈಗ ಸರಕಾರದ ಸಾಮಾನ್ಯ ಆಯವ್ಯಯದಿಂದ ಬರಬೇಕು. ಬೀಡಿಯ ಮೇಲೆ ಅಂದು ಶೇ. 28ರ ಜಿ.ಎಸ್.ಟಿ. ಬಿತ್ತು, 2025ರ ಸೆಪ್ಟೆಂಬರಿನಲ್ಲಿ ಅದನ್ನು ಶೇ. 18ಕ್ಕೆ ಇಳಿಸುವ ತೀರ್ಮಾನವಾಯಿತು. ಬೀಡಿ ಆರೋಗ್ಯಕ್ಕೆ ಕೆಡುಕು, ಅದಕ್ಕೆ ತೆರಿಗೆ ಬೇಕೆಂಬ ವಾದದಲ್ಲಿ ಹುರುಳಿದೆ. ಸೇದುವವನ ಎದೆಗಷ್ಟೆ ಅಲ್ಲ, ಕಟ್ಟುವವಳ ಉಸಿರಿಗೂ ಆ ಪುಡಿ ಒಳ್ಳೆಯದಲ್ಲ. ನಾನು ಹೇಳುತ್ತಿರುವುದು ದರದ ಮಾತಲ್ಲ. ಮೊದಲು ಆ ಹಣದ ಒಂದು ಪಾಲು ತನ್ನದೆಂದು ಇವಳು ಕಾನೂನಿನ ಹೆಸರು ಹೇಳಿ ಕೇಳಬಹುದಾಗಿತ್ತು. ಈಗ ಅದು ಸಾಗರಕ್ಕೆ ಬಿದ್ದ ಹನಿ. ಬೊಗಸೆ ಒಡ್ಡಿ ‘ನನ್ನ ಹನಿ ಯಾವುದು’ ಎಂದು ಕೇಳುವಂತಿಲ್ಲ.

ಇವಳು ತೆರಿಗೆ ಕೊಡುವುದಿಲ್ಲವೆ? ಕೈಫೋನಿಗೆ 118 ರೂಪಾಯಿ ತುಂಬಿದರೆ ಅದರಲ್ಲಿ 18 ತೆರಿಗೆ. ಚಹಾಪುಡಿಯಲ್ಲಿದೆ, ಸಾಬೂನಿನಲ್ಲಿದೆ. ಸಂತೆಯಲ್ಲಿ ಬಿಡಿಯಾಗಿ ತೂಗಿ ಕೊಡುವ ಬೆಲ್ಲಕ್ಕೆ ಇಲ್ಲ. ಆದರೆ ಅದೇ ಬೆಲ್ಲವನ್ನು ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದರೆ ಶೇ. 5 ಎಂದು 2022ರ ಜುಲೈನಲ್ಲಿ ನಿಯಮವಾಯಿತು. ಉಳ್ಳವನು ಗಳಿಸಿದ್ದರಲ್ಲಿ ಒಂದು ಪಾಲನ್ನು ಉಳಿಸುತ್ತಾನೆ, ಉಳಿಸಿದ್ದಕ್ಕೆ ಈ ತೆರಿಗೆ ತಾಗದು. ಇವಳು ಗಳಿಸಿದ್ದನ್ನೆಲ್ಲ ಬಳಸಿಯೇ ಬದುಕಬೇಕಾದವಳು. ಅವಳ ಕೂಲಿಯ ಬಹುಪಾಲು ಅಂಗಡಿಯ ಕಟ್ಟೆಯನ್ನು ದಾಟಲೇಬೇಕು. ಹೀಗಿದ್ದೂ ನಮ್ಮ ಪಟ್ಟಣಗಳ ಓದಿದ ಮಂದಿ ‘ತೆರಿಗೆದಾರ’ ಎಂದರೆ ಆದಾಯ ತೆರಿಗೆ ಕಟ್ಟುವವನು ಎಂದೇ ತಿಳಿಯುತ್ತೇವೆ. ರೇಶನ್ ಅಕ್ಕಿಯ ಸಾಲಿನಲ್ಲಿ ನಿಂತವರನ್ನು ಕಂಡು ‘ನಮ್ಮ ತೆರಿಗೆಯ ಹಣ’ ಎಂದು ಗೊಣಗುತ್ತೇವೆ. ನಮ್ಮ ಕೈಯಲ್ಲಿ ಪಾವತಿ ಇದೆ, ಅವರ ಕೈಯಲ್ಲಿಲ್ಲ, ವ್ಯತ್ಯಾಸ ಇಷ್ಟೆ. ಹೊಲವುಳ್ಳ ಅಜ್ಜನಿಗೆ ಟ್ರಂಕಿನ ಕಾಗದ ಕೊಟ್ಟ ಮಾನವನ್ನು ಇವಳಿಗೆ ಯಾವ ಕಾಗದವೂ ಕೊಟ್ಟಿಲ್ಲ.

ಜಕಾತಿ ನಾಕೆ ಹೋದದ್ದಕ್ಕೆ ಯಾರೂ ಮರುಗಬೇಕಾಗಿಲ್ಲ. ಲಾರಿಗಳು ರಾತ್ರಿಯಿಡೀ ಕಾಯುವುದು, ಕೈಬಿಸಿ ಮಾಡುವುದು, ಒಂದೇ ಸರಕಿಗೆ ಮೂರು ಕಡೆ ತೆರುವುದು ಇವೆಲ್ಲ ತಪ್ಪಿದ್ದು ಒಳ್ಳೆಯದೇ. ಹೊಸ ವ್ಯವಸ್ಥೆಯಲ್ಲಿ ಲೆಕ್ಕವಿದೆ, ಸರಪಳಿಯಿದೆ. ಆದರೆ ಕಟ್ಟೆ ಹೋದ ಮೇಲೆ ಸುಂಕದವನು ಬೆಲೆಯೊಳಗೆ ಹೊಕ್ಕು ಕುಳಿತಿದ್ದಾನೆ, ಅವನಿಗೆ ಮುಖವಿಲ್ಲ. ಸುಖದುಃಖ ಹೇಳಿಕೊಳ್ಳುವುದು ಯಾರ ಮುಂದೆ?

ಇದಕ್ಕೆ ನನಗೆ ತೋರುವ ಉತ್ತರ ಸರಳವಾದದ್ದು. ದರ ಗೊತ್ತುಮಾಡುವ ಮಂಡಳಿಯಲ್ಲಿ ಕೇಂದ್ರದ ಹಾಗೂ ರಾಜ್ಯಗಳ ಮಂತ್ರಿಗಳು ಕುಳಿತುಕೊಳ್ಳುತ್ತಾರೆ. ಅವರು ಶಾಸಕಾಂಗಕ್ಕೆ ಉತ್ತರ ಹೇಳಬೇಕಾದವರು, ಶಾಸಕಾಂಗ ಮತದಾರರಿಗೆ. ಆ ಮತ ಹಾಕುವಾಗ ಬೀಡಿ ಕಟ್ಟುವವಳು ತಾನು ಬೇಡಲು ಬಂದವಳಲ್ಲ, ಕೊಟ್ಟು ಬಂದವಳು ಎಂದು ತಿಳಿದಿರಬೇಕು. ಓದು ಬಲ್ಲ ನಾವು ಅವಳಿಗೆ ಅದನ್ನು ತಿಳಿಸಬೇಕು: ಅಂಗಡಿಯ ಬಿಲ್ಲಿನ ಕೆಳಗಿನ ಎರಡು ಸಾಲುಗಳನ್ನು ಓದಿ ಹೇಳಬೇಕು, ಅವಳ ಬೀದಿಯ ನಳ, ಅವಳ ಮಗುವಿನ ಶಾಲೆ, ಅವಳ ಊರಿನ ದವಾಖಾನೆ ಇವು ಯಾರ ಉಪಕಾರವೂ ಅಲ್ಲ, ಅವಳ ದುಡ್ಡು ಎಂದು ಹೇಳಬೇಕು. ಕಡೆಯ ಪಕ್ಷ ‘ನಮ್ಮ ತೆರಿಗೆಯ ಹಣ’ ಎಂದು ಮುಂದೆ ಎಂದಾದರೂ ಅನ್ನುವಾಗ, ಆ ‘ನಮ್ಮ’ ಎಂಬ ಮಾತಿನೊಳಗೆ ಅವಳನ್ನೂ ಸೇರಿಸಿಕೊಂಡು ಅನ್ನಬೇಕು.